ದೊಡ್ಡಕ್ಕನ ಗೋಡೆಯ ನೀರುಗೆರೆ

ನದಿ ಈ ಬಡಾವಣೆಯ ಹತ್ತಿರ ಬಂದು ಒಮ್ಮೆ ಸೊಂಟ ತಿರುಗಿಸಿ ಮುಂದೆ ಹೋಗುತ್ತದೆ. ಸಿಟಿ ಬಸ್ಸಿಗೆ ಇದೇ ಕೊನೆಯ ನಿಲ್ದಾಣ. ಬಸ್ಸು ದಿಬ್ಬದ ಮೇಲೆ ಉಸ್ಸೆಂದು ನಿಂತು ಎಲ್ಲರನ್ನೂ ಇಳಿಸಿ, ಇಲ್ಲಿಂದ ಮುಂದೆ ನಿಮ್ಮ ಪಾಡು ನಿಮ್ಮದು ಎಂಬಂತೆ ಮೂತಿ ತಿರುಗಿಸಿಕೊಂಡು ವಾಪಸ್ಸು ಹೋಗುತ್ತದೆ. ಅಲ್ಲಿಂದ ನೀರಿನ ಕಡೆಗೆ ಇಳಿದರೆ ಮೊದಲು ಮೇಲುಬೀದಿ, ಆಮೇಲೆ ನಡುಬೀದಿ, ಕೊನೆಗೆ ಕೆಳಬೀದಿ. ದಿಬ್ಬದ ಮೇಲೆ ಲಿಫ್ಟು ಇರುವ ಎತ್ತರದ ಕಟ್ಟಡಗಳಿವೆ. ಅಲ್ಲಿಯವರಿಗೆ ಎದುರು ಮನೆಯವರ ಮುಖ ಗೊತ್ತಾಗುವುದು ಲಿಫ್ಟು ಕೆಟ್ಟು ಮೆಟ್ಟಿಲು ಹತ್ತುವಾಗ ಮಾತ್ರ. ಮೇಲುಬೀದಿಯಲ್ಲಿ ನರ್ಸುಗಳು, ಗುಮಾಸ್ತರು, ಮೇಷ್ಟ್ರುಗಳು. ನಡುಬೀದಿಯಲ್ಲಿ ಮುಚ್ಚಿಹೋದ ಗಿರಣಿಯ ಸಾಲುಮನೆಗಳು. ಗಿರಣಿಯ ಸೈರನ್ನು ನಿಂತು ಎಷ್ಟೋ ಕಾಲವಾದರೂ ಅಲ್ಲಿನ ಗಂಡಸರು ಅದೇ ಹೊತ್ತಿಗೆ ಎದ್ದು, ಹೋಗಬೇಕಾದದ್ದು ಎಲ್ಲಿಗೂ ಇಲ್ಲ ಎಂದು ನೆನಪಾಗಿ, ಹೆಂಡತಿಯ ಮೇಲೆ ರೇಗುತ್ತಾರೆ. ಕೆಳಬೀದಿಯವರು ದೋಣಿ, ಬಲೆ ಎಂದು ಬದುಕಿದವರು. ಸೇತುವೆ ಬಂತು, ದೋಣಿ ಹೋಯಿತು. ಈಗ ಅಲ್ಲಿರುವುದು ಟೈಲರು, ಸೈಕಲ್ ರಿಪೇರಿಯವನು, ಇಸ್ತ್ರಿಯವಳು, ಗಾರೆ ಮೇಸ್ತ್ರಿ, ಮತ್ತು ನಮ್ಮ ಬಣ್ಣದಣ್ಣ.

ಹೊರಗಿನವರು ಈ ನಾಲ್ಕು ಕಡೆಯವರ ನಡುವಿನ ವ್ಯತ್ಯಾಸ ಕೆಲಸದ್ದು, ಸಂಬಳದ್ದು ಅಂದುಕೊಳ್ಳುತ್ತಾರೆ. ಪಾಪ, ಅವರಿಗೇನು ಗೊತ್ತು! ಇಲ್ಲಿ ಮರ್ಯಾದೆ ಅಳೆಯುವುದು ನೀರುಗೆರೆಯಿಂದ. ಹಿಂದೊಮ್ಮೆ ನದಿ ತುಂಬಿ, ಬೀದಿಗಳಿಗೆ ನುಗ್ಗಿ, ಮನೆಯೊಳಗಿನ ಪಾತ್ರೆ ಪಗಡೆಯನ್ನೆಲ್ಲ ತೇಲಿಸಿಕೊಂಡು ಹೋಗಿತ್ತು. ನೀರು ಇಳಿದ ಮೇಲೆ ಅದು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಗೆ ಒಬ್ಬೊಬ್ಬರೂ ತಮ್ಮ ಮನೆಯ ಮುಂಗೋಡೆಯ ಮೇಲೆ ಒಂದು ಕಪ್ಪು ಗೆರೆ ಎಳೆದರು. ಅಂದಿನಿಂದ ಮನೆಗೆ ಎಷ್ಟು ಸಲ ಬಣ್ಣ ಬಳಿದರೂ ಗೆರೆಯನ್ನು ಮುಟ್ಟುವಂತಿಲ್ಲ. ಕೆಳಬೀದಿಯದು ಕತ್ತಿನ ಮಟ್ಟ, ನಡುಬೀದಿಯದು ಸೊಂಟದ ಮಟ್ಟ, ಮೇಲುಬೀದಿಯದು ಮಂಡಿ. ದಿಬ್ಬದವರಿಗೆ ಗೆರೆಯೇ ಇಲ್ಲ, ಅವರು ಒಣಗಾಲಿನವರು. ಅವರು ಕಾರಿನಲ್ಲಿ ಬಂದಿಳಿದರೂ ಕೆಳಬೀದಿಯ ಇಸ್ತ್ರಿಯವಳು, "ಅಯ್ಯೋ ಪಾಪ, ಇವರ ಮನೆಗೆ ನೀರೇ ಬಂದಿಲ್ಲ" ಎಂದು ಮರುಕ ಪಡುತ್ತಾಳೆ. ನಲ್ಲಿಯ ಹತ್ತಿರ ಜಗಳವಾದರೆ, "ಮಂಡಿ ನೆನೆಸಿಕೊಂಡವರೆಲ್ಲ ನಮಗೆ ಬುದ್ಧಿ ಹೇಳೋ ಹಾಗಾಯ್ತು" ಎಂಬ ಒಂದು ಮಾತಿಗೆ ಮೇಲುಬೀದಿಯವರು ತೆಪ್ಪಗೆ ಕೊಡ ಎತ್ತಿಕೊಂಡು ಹೋಗುತ್ತಾರೆ.

ಇಂಥ ಜಾಗದಲ್ಲಿ ಬಣ್ಣ ಬಳಿಯುವವನ ಕೆಲಸ ಎಷ್ಟು ಸೂಕ್ಷ್ಮದ್ದು ಎಂದು ಬೇರೆ ಹೇಳಬೇಕಾಗಿಲ್ಲ. ಬಣ್ಣದಣ್ಣ ಗೆರೆಯ ಹತ್ತಿರ ಬಂದಾಗ ದೊಡ್ಡ ಬ್ರಷ್ಷು ಕೆಳಗಿಟ್ಟು, ಎರಡು ಬೆರಳಗಲದ ಸಣ್ಣ ಬ್ರಷ್ಷು ತೆಗೆದುಕೊಂಡು, ಉಸಿರು ಬಿಗಿಹಿಡಿದು ಅದರ ಅಂಚಿನಲ್ಲಿ ಸಾಗುತ್ತಿದ್ದ. ಅವನ ಬಾಯಿಗೆ ವಿಶ್ರಾಂತಿ ಸಿಗುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಉಳಿದಂತೆ ಅವನು ಏಣಿಯ ಮೇಲಿದ್ದರೂ ಮಾತು, ಕೆಳಗಿದ್ದರೂ ಮಾತು. ಮನೆಯವರು ಕಾಫಿ ಕೊಡುವಾಗ ಅತ್ತಿತ್ತ ನೋಡಿ, "ಹೇಗೂ ಬಳೀತಿದ್ದೀಯ, ಗೆರೆ ಒಂದು ಬೆರಳು ಮೇಲಕ್ಕೆ ಹೋದ್ರೆ ಯಾರಿಗೆ ಗೊತ್ತಾಗುತ್ತೆ?" ಎನ್ನುವರು. ಆಗುವುದಿಲ್ಲ ಎಂದು ಹೇಳುವ ಬಾಯನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ. ಹೀಗೆ ಬಣ್ಣ ಬಳಿದಾಗಲೆಲ್ಲ ಒಂದೊಂದು ಬೆರಳು ಏರಿ, ಎಷ್ಟೋ ಹಿಂದೆ ಇಳಿದುಹೋದ ನೀರು ಕೆಳಬೀದಿಯ ಗೋಡೆಗಳ ಮೇಲೆ ಇನ್ನೂ ಏರುತ್ತಲೇ ಇತ್ತು.

ಒಂದೇ ಒಂದು ಮನೆಯವರು ಅವನನ್ನು ಹಾಗೆ ಕೇಳಿರಲಿಲ್ಲ. ಅದು ಅವನ ಅಕ್ಕನ ಮನೆ. ಬೀದಿಗೆಲ್ಲ ಅವಳು ದೊಡ್ಡಕ್ಕ. ಎತ್ತರದ ಜಗಲಿಯ ಮನೆ. ಜಗಲಿಯ ಮೇಲೆ ನಿಂತರೆ ಅಲ್ಲಿಂದಲೂ ಕತ್ತಿನ ಮಟ್ಟಕ್ಕೆ ಗೆರೆ. ಜಗಲಿಯ ಎತ್ತರವನ್ನೂ ಲೆಕ್ಕ ಹಿಡಿದರೆ ಬೀದಿಯಲ್ಲೇ ಮೇಲಿನದು. "ಹೊಳೆ ನೇರ ಅವರ ಮನೆ ಮೇಲೇ ಎರಗಿತು, ಅದಕ್ಕೇ ಅಷ್ಟು" ಎಂದು ಬೀದಿಯ ಹಿರಿಯರು ವಿವರಿಸುತ್ತಿದ್ದರು. ಬಣ್ಣ ಬಳಿಯುವ ದಿನ ದೊಡ್ಡಕ್ಕ ಸ್ಟೂಲು ಹಾಕಿಕೊಂಡು ಗೆರೆಯ ಪಕ್ಕದಲ್ಲೇ ಕೂತಿರುತ್ತಿದ್ದಳು. ಗೆರೆ ಮಾಸಿದರೆ ಇದ್ದಿಲಿನಿಂದ ತಾನೇ ತೀಡುವಳು. ಬಣ್ಣದಣ್ಣನಿಗೆ ಅವಳು ಬರೀ ಅಕ್ಕ ಅಲ್ಲ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅವನನ್ನು ಕಟ್ಟಿಕೊಂಡೇ ಗಂಡನ ಮನೆಗೆ ಬಂದವಳು. ದೋಣಿ ನಡೆಸುತ್ತಿದ್ದ ಭಾವ ಅವನನ್ನು ಮಗನಂತೆ ನೋಡಿಕೊಂಡು ತೀರಿಕೊಂಡ. ಬಣ್ಣದಣ್ಣನ ತಲೆಯಲ್ಲಿ ನರೆ ಬಂದರೂ ಅಂಗಿಯ ಗುಂಡಿ ಕಿತ್ತಿದ್ದರೆ ಅದನ್ನು ಮೊದಲು ನೋಡುವವಳು ಅವಳೇ.

ಈಗ ಅವನ ಮಗಳ ಮದುವೆಯ ಮಾತು ಎದ್ದಿತ್ತು. ಮಗಳು ದಿಬ್ಬದ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವ ಕೆಲಸದಲ್ಲಿದ್ದಳು. ಅಲ್ಲಿ ಲಿಫ್ಟ್ ರಿಪೇರಿಗೆ ಬರುವ ಹುಡುಗನನ್ನು ಮೆಚ್ಚಿದ್ದಳು. ಹುಡುಗನೂ ದಿಬ್ಬದವನೇ. ಒಣಗಾಲಿನ ಸಂಬಂಧ! ಬೀದಿ ಮೂಗು ಮುರಿಯಿತು. ದೊಡ್ಡಕ್ಕ ಮಾತ್ರ, "ಹುಡುಗ ಚೆನ್ನಾಗಿದ್ದಾನೆ. ಅವನ ತಾಯಿಯನ್ನ ಭಾನುವಾರ ಕರೀರಿ, ನಾನು ಮಾತಾಡ್ತೀನಿ" ಎಂದು ಎಲ್ಲರ ಬಾಯಿ ಮುಚ್ಚಿಸಿದಳು. ಅವಳೇ ಮಾತಾಡಬೇಕಿತ್ತು. ಬಣ್ಣದಣ್ಣನನ್ನು ಮಾತಿಗೆ ಕೂರಿಸಿದರೆ ಬೀಗರು ಏನೆಂದರೂ ಹೂಂ ಎಂದು, ಕೊನೆಗೆ ಮದುವೆಯೇ ಬೇಡ ಎಂದರೂ ಹೂಂ ಎಂದುಬಿಡುವವನು. ಇದು ಅವನ ಹೆಂಡತಿಯ ಅಭಿಪ್ರಾಯ, ಅದನ್ನು ಅವನೂ ಒಪ್ಪಿದ್ದ.

ಆ ಭಾನುವಾರಕ್ಕೆ ಮುಂಚೆ ದೊಡ್ಡಕ್ಕ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋದಳು. ಅಕ್ಕ ಹೊಸ ಕಣ್ಣಿನಿಂದ ಮೊದಲು ಹೊಸ ಗೋಡೆ ನೋಡಲಿ ಎಂದು ಬಣ್ಣದಣ್ಣನಿಗೆ ಆಸೆಯಾಯಿತು. ಅಳಿಯನಾಗಬೇಕಾದವನು ಉಡುಗೊರೆಯಾಗಿ ಕೊಟ್ಟ ಉದ್ದ ಹಿಡಿಯ ಹೊಸ ರೋಲರೂ ಮನೆಯಲ್ಲಿತ್ತು. ಬ್ರಷ್ಷಿನಲ್ಲಾದರೆ ಗೋಡೆಗೆ ಮುಖ ಕೊಟ್ಟು ನಿಲ್ಲಬೇಕು. ರೋಲರಿಗೆ ಅಂಥ ನಿಯಮ ಏನೂ ಇಲ್ಲ, ಅದರ ಪಾಡಿಗೆ ಅದು ಉರುಳುತ್ತದೆ. ಸಂಜೆಗೆ ಆಗುವ ಕೆಲಸ ಮಧ್ಯಾಹ್ನಕ್ಕೇ ಮುಗಿಯುವ ಹಾಗಿತ್ತು. ಅಷ್ಟರಲ್ಲಿ ಎದುರುಮನೆಯ ಟೈಲರು ಕುತ್ತಿಗೆಗೆ ಟೇಪು ನೇತುಹಾಕಿಕೊಂಡು ಹೊರಗೆ ಬಂದ.

"ಏನೇ ಹೇಳು ಬಣ್ಣದಣ್ಣ, ನಿಮ್ಮಕ್ಕನ ಗೆರೆಗಿಂತ ನಮ್ಮದೇ ನಾಲ್ಕು ಬೆರಳು ಮೇಲಿದೆ."

ಬಣ್ಣದಣ್ಣನಿಗೆ ಮೈ ಉರಿಯಿತು. ಬೀದಿಯ ಕಡೆ ತಿರುಗಿ ನಿಂತ. "ಏನಂದ್ರಿ? ನಾಲ್ಕು ಬೆರಳಾ? ನಿಮ್ಮ ಮನೆಗೆ ಬಂದದ್ದು ನಮ್ಮ ಮನೆಗೆ ಸಾಕಾಗಿ ಮಿಕ್ಕ ನೀರು ಸ್ವಾಮಿ! ಹೊಳೆ ಮೊದಲು ಬಂದು ಬಾಗಿಲು ತಟ್ಟಿದ್ದು ಯಾರ ಮನೇದು? ನಮ್ಮ ಭಾವ ದೋಣೀಲಿ ನಿಮ್ಮನ್ನೆಲ್ಲ ಮೂಟೆ ಥರ ಹಾಕ್ಕೊಂಡು ದಿಬ್ಬದ ಶಾಲೆಗೆ ಸಾಗಿಸಲಿಲ್ವಾ? ಬೀದಿ ಬಿಟ್ಟು ಓಡಿದವರು ನೀವು. ಬಿಡದೆ ನಿಂತವಳು ನಮ್ಮಕ್ಕ ಒಬ್ಬಳೇ. ಆ ಗೆರೆ ಅಂದ್ರೆ ಸಾಮಾನ್ಯ ಗೆರೆಯಲ್ಲ!" ಮಾತಿನ ಕಾವಿಗೆ ತಕ್ಕಂತೆ ಹಿಂದೆ ಕೈಯಲ್ಲಿದ್ದ ರೋಲರು ಮೇಲೆ ಕೆಳಗೆ, ಮೇಲೆ ಕೆಳಗೆ ಓಡುತ್ತಿತ್ತು. "ಬೇಕಾದ್ರೆ ಅಳತೆ ಹಿಡೀರಿ. ಟೇಪು ನಿಮ್ಮ ಕೊರಳಲ್ಲೇ ಇದೆ. ಇಗೋ ನೋಡಿ!" ಎಂದು ತಿರುಗಿ ರೋಲರಿನಿಂದಲೇ ತೋರಿಸಿದ.

ಟೈಲರು ಕಣ್ಣು ಕಿರಿದು ಮಾಡಿ, "ಎಲ್ಲಿ?" ಎಂದ.

ಗೋಡೆ ಈ ತುದಿಯಿಂದ ಆ ತುದಿಯವರೆಗೆ ನುಣ್ಣಗೆ ಕೆನೆಬಣ್ಣಕ್ಕೆ ತಿರುಗಿತ್ತು. ಬಣ್ಣದಣ್ಣ ರೋಲರು ಕೆಳಗೆ ಹಾಕಿ ಓಡಿದ. ಒದ್ದೆ ಬಟ್ಟೆ ತಂದು ಒರೆಸಿದ. ಹೊಸ ಬಣ್ಣದ ಜೊತೆ ಇದ್ದಿಲೂ ಕಲಸಿಕೊಂಡು ಗೋಡೆ ಬೂದಿ ಬಳಿದ ಹಾಗಾಯಿತು. ಮತ್ತೊಂದು ಕೋಟು ಕೊಡದೆ ಗತಿಯಿರಲಿಲ್ಲ. ಕೊಟ್ಟ.

ಗೆರೆ ಎಲ್ಲಿತ್ತು ಎಂದು ಹೇಳಲು ಬೀದಿಗೆ ಬೀದಿಯೇ ಸೇರಿತು. ದಿನಾ ಎರಡು ಹೊತ್ತು ಅದರ ಮುಂದೆ ಓಡಾಡಿದವರು. ಆದರೂ ಟೈಲರ ಪ್ರಕಾರ ಅದು ಟೈಲರ ಮನೆಯದಕ್ಕಿಂತ ಕೆಳಗಿತ್ತು. ಇಸ್ತ್ರಿಯವಳ ಪ್ರಕಾರ ಇಸ್ತ್ರಿಯವಳ ಮನೆಯದಕ್ಕಿಂತ ಕೆಳಗಿತ್ತು. ಸೈಕಲ್‌ನವನು, "ಪಾಪ, ದೊಡ್ಡಕ್ಕನ್ನ ನೋಯಿಸಬಾರದು, ನಮ್ಮನೆಯಷ್ಟೇ ಅಂತ ಇಟ್ಕೊಳ್ಳಿ" ಎಂದು ಉದಾರಿಯಾದ. ಬಣ್ಣದಣ್ಣ ತನ್ನ ಅಂದಾಜಿನಲ್ಲೇ ಕತ್ತಿನ ಮಟ್ಟಕ್ಕೆ ಒಂದು ಗೆರೆ ಎಳೆದು, ದೂರ ನಿಂತು ನೋಡಿ, ಇದೇ, ಅನುಮಾನವೇ ಇಲ್ಲ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡ.

ದೊಡ್ಡಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಆಟೋದಿಂದ ಇಳಿದಳು. ಜಗಲಿ ಹತ್ತಿ, ಕನ್ನಡಕ ತೆಗೆದು, ಗೋಡೆ ನೋಡಿದಳು. ಹೊಸ ಬಣ್ಣದ ವಾಸನೆ ಇನ್ನೂ ಇತ್ತು. ಗೆರೆಯ ಮೇಲೆ ಬೆರಳಿಟ್ಟು ನೋಡಿಕೊಂಡಳು. ತಮ್ಮನ ಮುಖ ನೋಡಿದಳು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಅಲ್ಲಿಂದ ಶುರುವಾಯಿತು. ಬಣ್ಣದಣ್ಣನ ಹೆಂಡತಿ ಊಟದ ಡಬ್ಬಿ ಕಳಿಸಿದರೆ ಡಬ್ಬಿ ತೊಳೆದು ವಾಪಸ್ಸು ಬರುತ್ತಿತ್ತು. ತಮ್ಮನ ಮಗಳ ಹತ್ತಿರ ಮಾತಿತ್ತು, ತಮ್ಮನ ಹೆಂಡತಿಯ ಹತ್ತಿರ ಮಾತಿತ್ತು, ಬೀದಿಯ ಬೆಕ್ಕಿನ ಹತ್ತಿರವೂ ಇತ್ತು. ತಮ್ಮ ಬಂದರೆ ಮಾತ್ರ ಮುಖ ಗೋಡೆಯ ಕಡೆಗೆ. ಮಟ್ಟ ತಪ್ಪಿರಬೇಕು ಎಂದು ಅವನು ಗೆರೆ ಅಳಿಸಿ ಗಲ್ಲದ ಎತ್ತರಕ್ಕೆ ಎಳೆದ. ಮಾತಿಲ್ಲ. ಎದೆಯ ಮಟ್ಟಕ್ಕೆ ಇಳಿಸಿದ. ಮಾತಿಲ್ಲ. ಅಳಿಸಿದ್ದು ಪೂರ್ತಿ ಅಳಿಯದೆ, ಎಳೆದದ್ದು ಪೂರ್ತಿ ಒಣಗದೆ, ಗೋಡೆ ಶಾಲೆ ಮಕ್ಕಳ ಗೆರೆಪುಸ್ತಕದ ಹಾಗೆ ಕಾಣತೊಡಗಿತು.

"ಭಾನುವಾರದ ಮಾತು ಕೇಳಿದೆ. 'ಅವನೇ ಆಡಿಕೊಳ್ಳಲಿ, ನಾನ್ಯಾಕೆ' ಅಂದ್ರು ಅತ್ತಿಗೆ," ಎಂದು ಹೆಂಡತಿ ಬಂದು ಹೇಳಿದಳು. "ಏನಾದ್ರೂ ಮಾಡಿ, ಕಾಲಿಗಾದ್ರೂ ಬೀಳಿ. ಅವರು ಬರದೆ ಮದುವೆ ಮಾತು ಹೇಗ್ರೀ ಆಡೋದು?"

ಬಣ್ಣದಣ್ಣನಿಗೆ ಅನ್ನ ಸೇರಲಿಲ್ಲ. ಮದುವೆಯದು ಒಂದು ಕಡೆ ಇರಲಿ. ಅಕ್ಕ ಮಾತು ಬಿಟ್ಟದ್ದು ಅವನ ಬದುಕಿನಲ್ಲಿ ಇದೇ ಮೊದಲು. ಶಾಲೆ ಬಿಟ್ಟಾಗ ಬೈದಿದ್ದಳು, ಬೀಡಿ ಸೇದಿದಾಗ ಬಾರಿಸಿದ್ದಳು, ಆದರೆ ಮಾತು ಬಿಟ್ಟಿರಲಿಲ್ಲ. ಅವನಿಗೆ ಅಳು ಬರುವಂತಾಗಿ, ಅದನ್ನು ಹೆಂಡತಿ ನೋಡಬಾರದೆಂದು ಬಣ್ಣದ ಡಬ್ಬಿಯೊಳಗೆ ಬಗ್ಗಿ ಸುಮ್ಮಸುಮ್ಮನೆ ಕಲಕುತ್ತ ಕೂತ.

ಉಪಾಯ ಹೇಳಿದವನು ಗಾರೆ ಮೇಸ್ತ್ರಿ. "ಅದಕ್ಯಾಕೆ ತಲೆ ಮೇಲೆ ಕೈ ಹೊತ್ತು ಕೂತಿದ್ದೀಯೋ? ನನ್ನ ಹತ್ರ ಮಟ್ಟದ ಪೈಪಿದೆ. ಅದರಲ್ಲಿ ನೀರು ತುಂಬಿ ಎರಡು ತುದೀನೂ ಎತ್ತಿ ಹಿಡಿದ್ರೆ ನೀರು ಎರಡು ಕಡೆಗೂ ಒಂದೇ ಮಟ್ಟಕ್ಕೆ ನಿಲ್ಲುತ್ತೆ. ಒಂದೇ ಹೊಳೆ, ಒಂದೇ ನೀರು. ಟೈಲರ ಗೋಡೆ ಗೆರೆಗೆ ಒಂದು ತುದಿ ಹಿಡಿ, ನಿಮ್ಮಕ್ಕನ ಗೋಡೆಗೆ ಇನ್ನೊಂದು ತುದಿ. ನೀರು ಎಲ್ಲಿ ನಿಲ್ಲುತ್ತೋ ಅಲ್ಲೇ ಗೆರೆ."

ಬೀದಿಗೆ ಬೀದಿಯೇ ಭಲೇ ಎಂದಿತು. ಮೇಸ್ತ್ರಿ ಪೈಪು ತಂದು ನೀರು ತುಂಬಿದ. ದೊಡ್ಡಕ್ಕನ ಮನೆಯ ಕಿಟಕಿ ಅರ್ಧ ತೆರೆಯಿತು. ಮೇಸ್ತ್ರಿ ಕೆಲಸದಲ್ಲಿ ಶಿಸ್ತಿನವನು. ದಾಟಿಸುವ ಮೊದಲು ಟೈಲರ ಗೆರೆ ಸರಿಯಾಗಿದೆಯೋ ಎಂದು ಪಕ್ಕದ ಇಸ್ತ್ರಿಯವಳ ಗೆರೆಗೆ ಹಿಡಿದು ನೋಡಿದ. ಟೈಲರದು ಒಂದು ಗೇಣು ಮೇಲೆ ಬಂತು. ಇಸ್ತ್ರಿಯವಳು, "ನೋಡಿದ್ರಾ, ನೋಡಿದ್ರಾ! ಕದ್ದು ಏರಿಸ್ಕೊಂಡಿದ್ದಾನೆ" ಎಂದು ಬೊಬ್ಬೆ ಹೊಡೆದಳು. ಇಸ್ತ್ರಿಯವಳದನ್ನು ಸೈಕಲ್‌ನವನದಕ್ಕೆ ಹಿಡಿದರೆ ಅವಳದೂ ಆರು ಬೆರಳು ಮೇಲಿತ್ತು. ಅವಳ ಬೊಬ್ಬೆ ಅಲ್ಲಿಗೇ ನಿಂತಿತು. ಸೈಕಲ್‌ನವನು ಮೀಸೆ ತಿರುವಿದ, ತನ್ನದನ್ನು ಮೇಸ್ತ್ರಿಯ ಮನೆಯ ಗೆರೆಗೆ ಹಿಡಿಯುವವರೆಗೆ. ಎಲ್ಲರ ಕಣ್ಣೂ ಮೆಲ್ಲಗೆ ಬಣ್ಣದಣ್ಣನ ಕಡೆ ತಿರುಗಿ, ಅವನ ಕಣ್ಣು ತಮ್ಮ ಕಡೆ ತಿರುಗುವುದರೊಳಗೆ ನೆಲಕ್ಕೆ ಇಳಿದವು. ಒಬ್ಬೊಬ್ಬರೂ ತಮ್ಮ ಮನೆಯ ಕಾಫಿ ನೆನಪಿಸಿಕೊಂಡರು.

"ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ," ಎಂದ ಟೈಲರು.

"ಗಾಳಿನೇ ಇರಬೇಕು," ಎಂದಳು ಇಸ್ತ್ರಿಯವಳು.

"ಹಳೇ ಪೈಪು ಕಣ್ರಪ್ಪ," ಎಂದು ಸ್ವತಃ ಮೇಸ್ತ್ರಿಯೇ ನೀರು ಚೆಲ್ಲಿ ಪೈಪು ಸುತ್ತಿಟ್ಟ. ಅವನಿಗೂ ಒಂದು ಮನೆ, ಒಂದು ಗೋಡೆ ಇತ್ತಲ್ಲ. ಎಲ್ಲರಿಗೂ ಏಕಕಾಲಕ್ಕೆ ಮನೆಯಲ್ಲಿ ಕೆಲಸ ನೆನಪಾಗಿ ಬೀದಿ ಖಾಲಿಯಾಯಿತು. ದೊಡ್ಡಕ್ಕನ ಕಿಟಕಿಯೂ ಮುಚ್ಚಿತು.

ಬಣ್ಣದಣ್ಣ ಒಬ್ಬನೇ ಇಂಗು ತಿಂದ ಮಂಗನಂತೆ ಉಳಿದ. ಆಮೇಲೆ ಕಪ್ಪು ಬಣ್ಣದ ಡಬ್ಬಿ, ಸಣ್ಣ ಬ್ರಷ್ಷು ತೆಗೆದುಕೊಂಡು ಜಗಲಿ ಹತ್ತಿ ಬಾಗಿಲು ತಟ್ಟಿದ. ತೆರೆಯಲಿಲ್ಲ. ಹೊಸ್ತಿಲ ಮುಂದೆಯೇ ಕೂತು ಬಾಗಿಲಿಗೆ ಮಾತಾಡಿದ.

"ಅಕ್ಕಾ, ಹೊಡಿ, ಬೈ, ಏನಾದ್ರೂ ಮಾಡು. ಎಲ್ಲಿ ಎಳೀಬೇಕು ಅಂತ ಒಂದು ಮಾತು ಹೇಳು. ಕತ್ತರಿಸು ಅಂದ್ರೆ ಈ ಕೈ ಕತ್ತರಿಸಿ ಕೊಡ್ತೀನಿ. ನಾನೇನು ಬೇಕೂಂತ ಅಳಿಸಿದ್ದಲ್ಲ. ಆ ಟೈಲರ ಹತ್ರ ಜಗಳ ಆಡ್ತಿದ್ದೆ, ನಿನ್ನ ಗೆರೆ ಪರವಾಗೇ ಆಡ್ತಿದ್ದೆ, ರೋಲರು ಹಿಂದಿಂದ ಅದರ ಪಾಡಿಗೆ ಅದು..."

ಚಿಲಕ ತೆಗೆದ ಸದ್ದಾಯಿತು.

"ಬೇಕೂಂತ ಅಳಿಸಿದ್ದಲ್ವಾ?" ದೊಡ್ಡಕ್ಕ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೆಂಪಗಿತ್ತು, ಅದು ಆಪರೇಷನ್ನಿನದು ಮಾತ್ರ ಅಲ್ಲ.

"ದೇವರಾಣೆ ಇಲ್ಲ."

"ಅವತ್ತು ಹೊಳೆ ಬಂದದ್ದನ್ನ ಮೇಲಿಂದ ನೋಡಿದ ದಿಬ್ಬದ ಹಳಬರು ಯಾರೂ ನಿನಗೇನೂ ಹೇಳಲಿಲ್ವಾ?"

"ಏನು ಹೇಳ್ಬೇಕಿತ್ತು?"

ದೊಡ್ಡಕ್ಕ ಅವನ ಪಕ್ಕದಲ್ಲಿ ಬಂದು ನೆಲದ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಥೂ ನಿನ್ನ! ನಿನಗೆ ಎಲ್ಲ ಗೊತ್ತಾಗಿ, ನಾಚ್ಕೊಂಡು ಅಳಿಸಿಬಿಟ್ಟೆ ಅಂದ್ಕೊಂಡಿದ್ನಲ್ಲೋ. ಬೀಗರು ಬಂದಾಗ ಸುಳ್ಳು ಗೆರೆ ಗೋಡೆ ಮೇಲೆ ಇರಬಾರದು ಅಂತ ಒಂದೊಂದೇ ಮಟ್ಟ ಇಳಿಸ್ತಿದ್ದೀಯ ಅಂದ್ಕೊಂಡೆ. ಯಾವ ಮುಖ ಇಟ್ಕೊಂಡು ನಿನ್ನ ಹತ್ರ ಮಾತಾಡೋದು ಅಂತ ಒಳಗೇ ಸಾಯ್ತಿದ್ದೆ. ಇವತ್ತು ಆ ಪೈಪು ಬೇರೆ."

"ಸುಳ್ಳು ಗೆರೆ ಯಾವುದಕ್ಕಾ?"

"ನಮ್ಮನೇದೇ. ಜಗಲಿ ಇಷ್ಟು ಎತ್ತರ ಇಲ್ವೇನೋ? ಒಳಗೆ ಬಂದಿದ್ದು ಮಂಡಿವರೆಗೆ ನೀರು. ಅಷ್ಟೇ. ನೀನು ಮಂಚದ ಮೇಲೆ ನಿದ್ದೆ ಹೊಡೀತಿದ್ದೆ." ಅವಳು ಎದುರಿನ ಮನೆಗಳನ್ನು ನೋಡಿದಳು. "ನಾನು ಮದುವೆಯಾಗಿ ಬಂದ ವರ್ಷ ಅದು. ದಿಬ್ಬದಿಂದ ಬಂದ ಸೊಸೆ. ನೀರು ಹಿಡಿಯೋಕೆ ಹೋದ್ರೆ ಜಾಗ ಬಿಡ್ತಿರಲಿಲ್ಲ. ಹೊಳೆಗೆ ಇಳಿದು ಗೊತ್ತಿಲ್ಲದ ಒಣಗಾಲಿನವಳು, ಜೊತೆಗೊಂದು ಬಾಲ ಬೇರೆ ಅಂತ ನಗೋರು. ನೀರು ಇಳಿದ ಮೇಲೆ ಬೀದಿಗೆ ಬೀದಿಯೇ ಎಲ್ಲಾ ಕಳ್ಕೊಂಡು ಅಳ್ತಾ ವಾಪಸ್ಸು ಬರ್ತಿತ್ತು. ನಮ್ಮನೇಲಿ ಎಲ್ಲಾ ಅಟ್ಟದ ಮೇಲಿತ್ತು, ಒಂದು ಲೋಟನೂ ತೇಲಿರಲಿಲ್ಲ. ಹೇಗೆ ಮುಖ ತೋರಿಸೋದು ಹೇಳು? ಇದ್ದಿಲು ತಗೊಂಡು ನಿಮ್ಮ ಭಾವನಿಗೂ ಹೇಳದೆ ಕತ್ತಿನವರೆಗೆ ಗೆರೆ ಎಳೆದೆ. ಪಾತ್ರೆ ಪಗಡೆ ಹಿತ್ತಲಲ್ಲಿ ಬಚ್ಚಿಟ್ಟೆ. ಅವತ್ತು ಇಸ್ತ್ರಿಯವಳ ಅಮ್ಮ ಬಂದು ನನ್ನ ತಬ್ಕೊಂಡು ಅತ್ತಳು. ಮಾರನೇ ದಿನ ನೀರಿಗೆ ಹೋದ್ರೆ ಜಾಗ ಬಿಟ್ಟರು. ಆಮೇಲೆ ಅಳಿಸೋಕೆ ಧೈರ್ಯ ಬರಲಿಲ್ಲ ಕಣೋ."

ಬಣ್ಣದಣ್ಣ ಗೋಡೆಯ ಕಡೆ ತಿರುಗಿ ನೋಡಿದ. ಬೀದಿಯಲ್ಲಿ ಪ್ರಾಮಾಣಿಕವಾದ ಒಂದೇ ಗೆರೆ ಎಂದು ಅವನು ನಂಬಿದ್ದು ಇದನ್ನು. ಉಳಿದವರು ಎಷ್ಟೋ ವರ್ಷಗಳಲ್ಲಿ ಒಂದೊಂದೇ ಬೆರಳು ಏರಿಸಿದ್ದನ್ನು ಅವನಕ್ಕ ಒಂದೇ ಏಟಿಗೆ ಏರಿಸಿ ಕೂತಿದ್ದಳು. ಅವನು ತಡೆಯಲಾಗದೆ ನಕ್ಕ. ಅವಳೂ ನಕ್ಕಳು. ಇಬ್ಬರೂ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಹಸಿಯಿದ್ದ ಬಣ್ಣ ಇಬ್ಬರ ಬೆನ್ನಿಗೂ ಹತ್ತಿತು.

"ಅಲ್ಲಕ್ಕಾ," ಎಂದ ಅವನು ಉಸಿರು ಸಿಕ್ಕ ಮೇಲೆ, "ನನಗೆ ನೆನಪಿದೆಯಲ್ಲ. ಕತ್ತಿನವರೆಗೆ ನೀರು, ನೀನು ನನ್ನ ಹೆಗಲ ಮೇಲೆ ಕೂರಿಸ್ಕೊಂಡು ನಡೀತಿದ್ದೆ. ನಾನು ನಿನ್ನ ಜಡೆ ಹಿಡ್ಕೊಂಡಿದ್ದೆ. ಬೀದಿಯವರಿಗೆಲ್ಲ ಎಷ್ಟು ಸಲ ಹೇಳಿದ್ದೀನಿ. ಅದೂ ಸುಳ್ಳೇನಾ?"

ದೊಡ್ಡಕ್ಕ ನಗು ನಿಲ್ಲಿಸಿದಳು.

"ಹೊತ್ಕೊಂಡಿದ್ದು ನಿಜ. ನೀರಲ್ಲಲ್ಲ, ಬಿಸಿಲಲ್ಲಿ. ಮದುವೆಯಾಗಿ ದಿಬ್ಬದಿಂದ ಇಳಿದು ಬಂದ ದಿನ. ರಸ್ತೆ ಕಾದ ಹೆಂಚಾಗಿತ್ತು, ನಿನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಿಮ್ಮ ಭಾವ ಕೊಡು ನಾನು ಹೊರ್ತೀನಿ ಅಂದ್ರೂ ನೀನು ನನ್ನ ಬಿಡಲಿಲ್ಲ."

ಬಣ್ಣದಣ್ಣ ಅಕ್ಕನ ಪಾದ ನೋಡಿದ. ಅಕ್ಕನ ಕಾಲಲ್ಲಾದರೂ ಚಪ್ಪಲಿ ಇತ್ತೇ ಎಂದು ಕೇಳಬೇಕೆನಿಸಿತು. ಉತ್ತರ ಗೊತ್ತಿತ್ತು. ಬ್ರಷ್ಷು ಕೈಗೆತ್ತಿಕೊಂಡು, "ಎಲ್ಲಿ ಎಳೀಲಿ?" ಎಂದಷ್ಟೇ ಕೇಳಿದ.

ದೊಡ್ಡಕ್ಕ ಎದ್ದು ನಿಂತು ಮಂಡಿಯ ಹತ್ತಿರ ಕೈಯಿಟ್ಟಳು. "ಇಲ್ಲಿ. ಕೈ ನಡುಗಿಸಬೇಡ, ಸೊಟ್ಟ ಆಗುತ್ತೆ. ಅಂಗಿ ಹಿಂದೆಲ್ಲ ಬಣ್ಣ ಮಾಡ್ಕೊಂಡಿದ್ದೀಯ, ಭಾನುವಾರ ಇದನ್ನೇ ಹಾಕ್ಕೊಂಡು ಬಂದುಗಿಂದೀಯ."

ಭಾನುವಾರ ಬೀಗಿತ್ತಿ ಬಂದಳು. ಅವಳನ್ನು ನೋಡುವ ನೆಪದಲ್ಲಿ ಕೆಳಬೀದಿ ಪೂರ್ತಿ ಜಗಲಿಯ ಕೆಳಗೆ ಜಮಾಯಿಸಿ, ಮಂಡಿ ಮಟ್ಟದ ಗೆರೆ ನೋಡಿ ಗುಸುಗುಸು ಮಾಡುತ್ತಿತ್ತು. ಬೀಗಿತ್ತಿ ಸಂಕೋಚದವಳು, ಏನು ಮಾತಾಡಬೇಕೆಂದು ತೋಚದೆ, "ನಿಮ್ಮನೆಗೆ ಇಷ್ಟು ನೀರು ಬಂದಿತ್ತಾ?" ಎಂದು ಆ ಗೆರೆಯನ್ನೇ ತೋರಿಸಿ ಕೇಳಿದಳು.

"ಇಷ್ಟೇ," ಎಂದಳು ದೊಡ್ಡಕ್ಕ, ಹೊರಗೆ ನಿಂತವರಿಗೂ ಕೇಳುವಂತೆ. "ಕತ್ತಿನವರೆಗೆ ಅಂತ ಇಷ್ಟು ದಿನ ಬರೆದುಕೊಂಡಿದ್ದೆ. ಸುಳ್ಳು ಅದು. ಬರೆದವಳು ನಾನೇ."

ಜಗಲಿಯ ಕೆಳಗೆ ಟೈಲರು ಇಸ್ತ್ರಿಯವಳ ಕಿವಿಯಲ್ಲಿ, "ಎಂಥಾ ದೊಡ್ಡತನ ನೋಡು, ನಮ್ಮ ಮಾನ ಉಳಿಸೋಕೆ ತನ್ನ ಗೆರೆನೇ ಇಳಿಸಿಕೊಂಡಳು," ಎಂದ. ಇಸ್ತ್ರಿಯವಳು ಸೆರಗು ಕಣ್ಣಿಗೊತ್ತಿಕೊಂಡಳು. ನಿಜ ಹೇಳಿದರೂ ನಂಬದವರನ್ನು ಏನು ಮಾಡಲಾಗುತ್ತದೆ?

ದೊಡ್ಡಕ್ಕ ಅತ್ತ ಕಿವಿಗೊಡಲಿಲ್ಲ. ಬೀಗಿತ್ತಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ನಾನೂ ನಿಮ್ಮ ದಿಬ್ಬದವಳೇ ಕಣಮ್ಮ. ಇವನನ್ನ ಹೊತ್ಕೊಂಡು ಇಳಿದು ಬಂದೆ. ಇವನ ಮಗಳು ತನ್ನ ಕಾಲ ಮೇಲೆ ನಡ್ಕೊಂಡು ಹತ್ತಿ ಬರ್ತಾಳೆ. ನೀರು ಹಿಡಿಯೋಕೆ ಬಂದಾಗ ಅವಳಿಗೊಂದು ಜಾಗ ಬಿಡಿ, ಅಷ್ಟೇ ನಾನು ಕೇಳೋದು."

ಕಾಫಿಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬಣ್ಣದಣ್ಣ ಹೆಜ್ಜೆ ಮುಂದಿಡಲಿಲ್ಲ. ಕಾಫಿ ಆರುತ್ತಿತ್ತು. ಕೊನೆಗೆ ಹೆಂಡತಿಯೇ ತಟ್ಟೆ ಕಿತ್ತುಕೊಂಡು, "ಮುಖ ಒರೆಸಿಕೊಂಡು ಬನ್ನಿ" ಎಂದು ಹೊರಗೆ ಹೋದಳು.